ಅಗಾತಾಳ ಸರದಿ

ಆ ವರ್ಷ ದ್ರಾಕ್ಷಿ ಕೊಯ್ಲಿನ ಕಾಲದಲ್ಲಿ ಪ್ಯಾರಿಸ್ ಕಡೆಯ ಒಬ್ಬ ಮನುಷ್ಯ ಬೆಟ್ಟ ಸುತ್ತಲು ಬಂದು, ಮಂಜಿನಲ್ಲಿ ದಾರಿ ತಪ್ಪಿ, ನಮ್ಮ ಸಾಲ್ವೇರಿಗೆ ಬಂದು ಬಿದ್ದ. ತಾನಾಗಿ ಬಂದ ಅನ್ನುವುದಕ್ಕಿಂತ ಗಂಟೆಯ ಸದ್ದು ಅವನ ಕಿವಿ ಹಿಡಿದು ಎಳೆದುಕೊಂಡು ಬಂತು ಅನ್ನಬೇಕು. ಮಂಜಂದರೆ ಅಂಥ ಮಂಜೇನಲ್ಲ. ಕುರಿಗಳು ಅದಕ್ಕೆ ಕ್ಯಾರೇ ಅನ್ನದೆ ಮೇಯುತ್ತಿದ್ದವು. ಆದರೂ ಅಗಾತಾ ಪಾಂತೆಲ್ ಗಂಟೆಯ ಹಗ್ಗ ಹಿಡಿದು ನಿಂತಿದ್ದಳು.

"ಅಗೋ, ಆಕಾಶ ಸೀನಿತು, ಅಗಾತಾ ಓಡಿದಳು" ಎಂದು ಊರವರು ನಗುತ್ತಿದ್ದರು. ನಕ್ಕು ತಮ್ಮ ಕೆಲಸ ನೋಡಿಕೊಳ್ಳುತ್ತಿದ್ದರೇ ಹೊರತು ಒಬ್ಬರಾದರೂ ಹತ್ತಿರ ಹೋಗಿ ಸಾಕು ಬಿಡೇ ಅಂದವರಲ್ಲ.

ಅವಳು ಪರಸ್ಥಳದವನನ್ನು ಒಳಗೆ ಕರೆದು ಒಲೆಯ ಬಳಿ ಕೂರಿಸಿ ಚೆಸ್ಟ್‌ನಟ್ ಗಂಜಿ ಕೊಟ್ಟಳು. ಅವನಿಗೆ ಕೊಟ್ಟದ್ದು ಆಮೇಲೆ. ಮೊದಲು ಮೂಲೆಯಲ್ಲಿ ಕೂತಿದ್ದ ನಲವತ್ತರ ಆಸುಪಾಸಿನ ಗಂಡಸಿಗೆ ಚಮಚದಲ್ಲಿ ಆರಿಸಿ ಆರಿಸಿ ತಿನ್ನಿಸಿ, ಗದ್ದ ಒರೆಸಿದಳು. ಆ ಗಂಡಸಿನ ಎರಡು ಕೈಗಳೂ ಉಣ್ಣೆಯ ಚೀಲದೊಳಗಿದ್ದವು. ಆ ಹೊತ್ತಿಗೆ ಮಂಜು ಸರಿದು, ಬಾಗಿಲಿನಿಂದ ಇಡೀ ಲೋಜೇರ್ ಬೆಟ್ಟ ಬಿಸಿಲಲ್ಲಿ ಕಾಣುತ್ತಿತ್ತು.

"ಆಹಾ, ಎಂಥ ಶಾಂತಿ! ಇಷ್ಟು ಚೆಂದದ ಜಾಗ. ಆದ್ರೆ ಹಿಂದಿನೋರು ಇಲ್ಲಿ ತುಂಬಾ ಕಷ್ಟ ಪಟ್ಟಿರಬೇಕಲ್ವಾ ಅಜ್ಜಿ?" ಎಂದು ಅವನು ಕೇಳಿದ. ಹಿಂದಿನವರಂತೆ! ಎದುರಿಗೇ ಕೂತಿದ್ದಾಳಲ್ಲ ಪುಣ್ಯಾತ್ಮ, ಕಣ್ಣು ಬಿಟ್ಟು ನೋಡಬಾರದೆ? ಆಮೇಲೆ ಮೂಲೆಯ ಕಡೆ ತಿರುಗಿ ದನಿ ತಗ್ಗಿಸಿ, "ಯುದ್ಧದಲ್ಲಿ ಹೋಯ್ತಾ, ಕೈ?" ಅಂದ.

"ಚಳಿಗೆ" ಎಂದಳು ಅಗಾತಾ. ರೊಟ್ಟಿ ಕತ್ತರಿಸಿ ಅವನ ಮುಂದಿಟ್ಟಳು. ಅವನು ತಿಂದು, ವಂದನೆ ಹೇಳಿ, ಬೆಟ್ಟ ಇಳಿದು ಹೋದ. ಅವನು ಕೇಳಿದ್ದಕ್ಕೆ ಅವಳು ಹೇಳಿದ ಉತ್ತರ ಸುಳ್ಳಲ್ಲ. ಆದರೆ ಆ ಒಂದು ಮಾತಿನ ಹಿಂದೆ ಇರುವುದನ್ನು ನಮ್ಮೂರಲ್ಲಿ ಯಾರೂ ಅವಳ ಮುಂದೆ ಎತ್ತುವುದಿಲ್ಲ.

ಅಗಾತಾ ಕೆಳಗಿನ ಕಣಿವೆಯ ಹುಡುಗಿ. ಚೆಸ್ಟ್‌ನಟ್ ಮರಗಳ ನೆರಳಲ್ಲಿ ಬೆಳೆದವಳು, ಮದುವೆಯಾಗಿ ಮರವೇ ಇಲ್ಲದ ಈ ಕಲ್ಲುಬೆಟ್ಟಕ್ಕೆ ಬಂದಳು. ಗಂಡ ಎಸ್ತೆವ್ ಒಳ್ಳೆಯವನು, ಬಾಯಿ ಕಮ್ಮಿ. ಎಲ್ಲರಂತೆ ಅವನೂ ವರ್ಷ ವರ್ಷ ಬಯಲುಸೀಮೆಗೆ ಕೊಯ್ಲಿಗೆ ಇಳಿಯುತ್ತಿದ್ದ. ಒಂದು ವರ್ಷ ಅಲ್ಲಿನ ಜೌಗಿನ ಜ್ವರ ಹೊತ್ತುಕೊಂಡು ಬಂದ, ಕ್ರಿಸ್‌ಮಸ್ಸಿಗೆ ಮುಂಚೆ ಮಣ್ಣಿಗೆ ಹೋದ. ಉಳಿದದ್ದು ಕಲ್ಲಿನ ನಡುವೆ ರೈ ಎಂಬ ಧಾನ್ಯ ಬೆಳೆಯುವ ನಾಲ್ಕು ಪಟ್ಟಿ ಹೊಲ, ಒಂದಿಷ್ಟು ಕುರಿ, ಆಗಿನ್ನೂ ಅಂಬೆಗಾಲಿಡುತ್ತಿದ್ದ ಮಗ ಪ್ರಿವಾತ್. ಅವನನ್ನು ಬೆನ್ನಿಗೆ ಕಟ್ಟಿಕೊಂಡೇ ಅವಳು ಹೊಲ ಅಗೆದಳು.

ಇನ್ನು ಗಂಟೆಯ ವಿಷಯ. ಚಳಿಗಾಲದಲ್ಲಿ ನಮ್ಮ ಬೆಟ್ಟದ ಮೇಲೆ ಹಿಮದ ಬಿರುಗಾಳಿ ಎದ್ದರೆ ಆಕಾಶವೂ ನೆಲವೂ ಒಂದೇ ಆಗಿಬಿಡುತ್ತದೆ. ತನ್ನ ಮನೆಯ ಗೋಡೆಗೆ ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಸತ್ತು ಬಿದ್ದವರನ್ನು ಹಿಮ ಕರಗಿದ ಮೇಲೆ ಎತ್ತಿದ್ದುಂಟು. ಅದಕ್ಕೇ ಊರ ನಡುವೆ ಕಲ್ಲಿನ ಕಮಾನು ಕಟ್ಟಿ ಗಂಟೆ ತೂಗುಹಾಕಿದ್ದರು. ಗಾಳಿ ಎದ್ದದ್ದರಿಂದ ಹಿಡಿದು ಬೀಳುವವರೆಗೆ ಅದು ಬಡಿಯುತ್ತಲೇ ಇರಬೇಕು. ಹಗ್ಗದ ತುದಿಗೆ ಸಿಕ್ಕಿಸುವ ಮರದ ಹಿಡಿಯೊಂದಿತ್ತು. ಅದು ಯಾರ ಬಾಗಿಲ ಗೂಟದಲ್ಲಿ ನೇತಾಡುತ್ತಿದೆಯೋ ಅವರದ್ದು ಸರದಿ. ಒಂದು ಬಿರುಗಾಳಿ ಮುಗಿದ ಮೇಲೆ ಅದು ಪಕ್ಕದ ಮನೆಗೆ ಹೋಗುತ್ತದೆ. ಸರದಿಯವರು ಕರೆದರೆ ಕೈಗೂಡಿಸಬಹುದು. ಕರೆಯದೆ ಹೋಗಿ ಆ ಹಿಡಿ ಮುಟ್ಟುವುದೆಂದರೆ ಪಕ್ಕದ ಮನೆಯವಳ ಒಲೆಯ ಮೇಲಿನ ಸೌಟು ಕಿತ್ತುಕೊಂಡ ಹಾಗೆ. ಮತ್ತೆ, ಹೊರಗೆ ಇರುವವರು ಯಾರು ಎಂದು ಕೇಳುವ ಹಾಗಿಲ್ಲ. ಕಳ್ಳನಿರಲಿ, ಕಂದಾಯದವನಿರಲಿ, ಗಂಟೆ ಎಲ್ಲರಿಗೂ.

ಪ್ರಿವಾತ್ ಇಪ್ಪತ್ತಕ್ಕೆ ಬಂದು ನಿಂತದ್ದು ಚಕ್ರವರ್ತಿಯ ಯುದ್ಧಗಳ ಕಾಲದಲ್ಲಿ. ಅವನಿಗೆ ವರ್ಷ ವರ್ಷ ಹುಡುಗರು ಬೇಕು. ನಮ್ಮ ಕಡೆಯಿಂದ ಹೊತ್ತೊಯ್ದವರನ್ನು ಅವನು ಎಲ್ಲೆಲ್ಲಿ ಬಿತ್ತಿದನೋ, ಒಬ್ಬನೂ ಮೊಳೆತು ಬರಲಿಲ್ಲ. ಪೇಟೆಯಲ್ಲಿ ಹುಡುಗರನ್ನು ಸಾಲಾಗಿ ನಿಲ್ಲಿಸಿ ಚೀಟಿ ಎತ್ತಿಸುತ್ತಿದ್ದರು. ಸಣ್ಣ ಸಂಖ್ಯೆ ಬಂದವನು ಹೋಗಬೇಕು. ಪ್ರಿವಾತನಿಗೆ ಸಣ್ಣದೇ ಬಂತು. ಆ ಸಂಜೆ ಮನೆಗೆ ಬಂದವನು ಟೋಪಿಯನ್ನೂ ತೆಗೆಯದೆ ಹೋಗಿ, ಸೌದೆ ಒಡೆಯುವ ಕೊರಡಿನ ಮೇಲೆ ಬಲಗೈಯ ತೋರುಬೆರಳು ಚಾಚಿ ಕೂತ.

"ಅವ್ವ, ಕೊಡಲಿ ತಗೋ. ಕಣ್ಣು ಮುಚ್ಕೊಂಡು ಒಂದು ಏಟು ಹಾಕು."

ತೋರುಬೆರಳಿಲ್ಲದವನಿಗೆ ಬಂದೂಕು ಹೊಡೆಯಲಾಗುವುದಿಲ್ಲ, ಅಂಥವನು ಸೈನ್ಯಕ್ಕೆ ಬೇಡ. ಪಕ್ಕದ ಮನೆಯ ಮಾರ್ಗರಿದಜ್ಜಿಯ ಮೊಮ್ಮಗನಿಗೆ ಹಿಂದಿನ ವರ್ಷ 'ಸೌದೆ ಒಡೆಯುವಾಗ' ಬೆರಳು ಹೋಗಿತ್ತು. ಸೌದೆ ಯಾರು ಒಡೆದರು, ಹೇಗೆ ಒಡೆದರು ಎಂದು ಊರಿಗೆಲ್ಲ ಗೊತ್ತಿತ್ತು.

"ತೆಗಿಯೋ ಕೈನ!" ಎಂದು ಅಗಾತಾ ಅಬ್ಬರಿಸಿದಳು. "ಹುಚ್ಚು ಹಿಡೀತೇನೋ ನಿಂಗೆ? ನಾಳೆ ಕುಡುಗೋಲು ಹೆಂಗೆ ಹಿಡೀತೀಯ? ನಾನು ಎತ್ತಿ ಆಡಿಸಿದ ಕೈ ಅದು, ನಾನೇ ಕಡೀಲಾ?"

"ಒಂದೇ ಬೆರಳು ಅವ್ವ. ಇನ್ನೂ ಒಂಬತ್ತು ಇರ್ತವಲ್ಲ."

"ಒಂದೂ ಕೊಡಲ್ಲ. ಚಕ್ರವರ್ತಿಗೂ ಕೊಡಲ್ಲ, ಕೊಡಲಿಗೂ ಕೊಡಲ್ಲ. ಏಳು ಮೇಲೆ."

ಅವನು ಎದ್ದ. ಮರುದಿನ ನಾಯಿಯನ್ನು ಕರೆದುಕೊಂಡು ಬೆಟ್ಟ ಹತ್ತಿಬಿಟ್ಟ. ನೆತ್ತಿಯ ಕೆಳಗಿನ ತಗ್ಗಿನಲ್ಲಿ ಬೇಸಿಗೆಯ ಕುರುಬರ ಕಲ್ಲಿನ ಗುಡಿಸಲಿತ್ತು. ಚಳಿಗಾಲಕ್ಕೆ ಅಲ್ಲಿ ತೋಳ ಕೂಡ ನಿಲ್ಲುವುದಿಲ್ಲ. ನಾಯಿಯ ಹೆಸರು ಮಾರ್ಕಿ, ಅಂದರೆ ಜಹಗೀರುದಾರ. ಹಿಟ್ಟಿಗೆ ಗತಿಯಿಲ್ಲದ ಮನೆಯ ನಾಯಿಗೆ ಎಸ್ತೆವ್ ಇದ್ದಾಗಲೇ ಇಟ್ಟಿದ್ದ ಹೆಸರು, ಮುದಿ ನಾಯಿ ಸತ್ತರೆ ಮರಿಗೆ ಅದೇ. ಆ ಜಹಗೀರುದಾರರು ಆಗಾಗ ಒಬ್ಬರೇ ಇಳಿದು ಬರುತ್ತಿದ್ದರು. ಅಗಾತಾ ಅದರ ಜೋಲುಕೂದಲಿನ ಕೆಳಗೆ ರೊಟ್ಟಿಯ ಚೀಲ ಕಟ್ಟಿ ವಾಪಸು ಅಟ್ಟುತ್ತಿದ್ದಳು.

ಓಡಿಹೋದವರನ್ನು ಹಿಡಿಯಲು ಸರ್ಕಾರ ಒಂದು ಉಪಾಯ ಹೂಡಿತ್ತು. ಹುಡುಗ ತಾನಾಗಿ ಬಂದು ಶರಣಾಗುವವರೆಗೆ ಅವನ ಅಪ್ಪ ಅಮ್ಮನ ಮನೆಯಲ್ಲಿ ಒಬ್ಬ ಸಿಪಾಯಿಯನ್ನು ಕೂರಿಸುವುದು. ಅವನಿಗೆ ಊಟ, ಹಾಸಿಗೆ, ಬೆಂಕಿ ಎಲ್ಲ ಮನೆಯವರದ್ದೇ. ಅಗಾತಾಳ ಪಾಲಿಗೆ ಬಂದವನು ತಿಬೋ ಎಂಬ ದಫೇದಾರ. ಉತ್ತರದವನು, ನರೆತ ಮೀಸೆ, ಒಂದು ಕಿವಿ ಸ್ಪೇನಿನ ಯುದ್ಧದಲ್ಲಿ ಹೋಗಿತ್ತು, ಒಂದು ಕಾಲು ಎಳೆಯುತ್ತಿತ್ತು. ಆ ಕಾಲಿನಿಂದಾಗಿ ಬೆಟ್ಟ ಹತ್ತುವ ಶಕ್ತಿ ಅವನಿಗಿರಲಿಲ್ಲ. ಅವಸರವೂ ಇರಲಿಲ್ಲ. ಎಸ್ತೆವ್ ಕೂರುತ್ತಿದ್ದ ಜಾಗದಲ್ಲೇ ಒಲೆಗೆ ಮುಖ ಮಾಡಿ ಕೂತುಬಿಟ್ಟ. ಉಪ್ಪು ಹಾಕಿಟ್ಟ ಹಂದಿಮಾಂಸ ಅವನು ಬಂದಾಗ ತೊಲೆಯ ತುಂಬ ತೂಗುತ್ತಿತ್ತು, ಕ್ರಿಸ್‌ಮಸ್ಸಿಗೆ ಮುಂಚಿನ ಆಗಮನದ ಭಾನುವಾರಗಳು ಬರುವಷ್ಟರಲ್ಲಿ ಕೊಕ್ಕೆಗಳಷ್ಟೇ ಉಳಿದವು.

"ತಾಯೀ, ನಿನ್ನ ಗಂಜಿ ಕುಡಿದು ಕುಡಿದು ನಾನೂ ಒಂದು ಚೆಸ್ಟ್‌ನಟ್ ಮರ ಆಗ್ತಿದೀನಿ. ಮಗನ್ನ ಕರೆಸು. ನಾನು ಹೊರಡ್ತೀನಿ, ನಿನಗೂ ನೆಮ್ಮದಿ."

"ಯಾವ ಮಗ? ನನ್ನ ಮಗ ಎಲ್ಲಿಗೆ ಓಡಿಹೋದನೋ, ಯಾವಳ ಮನೇಲಿದಾನೋ. ಸಿಕ್ಕಿದ್ರೆ ನಂಗೂ ಹೇಳಿ."

"ಹೌದೌದು. ನಿನ್ನ ನಾಯಿಗೂ ಅವಳೇ ರೊಟ್ಟಿ ಹಾಕ್ತಾಳೇನೋ, ಬೆಟ್ಟದ ಕಡೆಗೇ ಓಡ್ತದೆ" ಎಂದು ಅವನು ಬೆಂಕಿ ಕೆದಕಿದ.

ಅಗಾತಾ ಅವನಿಗೆ ಬೆನ್ನು ಹಾಕಿ ಗಂಜಿ ತಿರುವತೊಡಗಿದಳು. ಆದರೆ ಅವನು ಮತ್ತೆ ಆ ಮಾತು ತೆಗೆಯಲಿಲ್ಲ. ಅವನು ಕೆಟ್ಟವನಾಗಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಕೆಟ್ಟವನಲ್ಲ, ಸೌದೆ ಒಡೆದು ಕೊಡುತ್ತಿದ್ದ, ನೀರು ತರುತ್ತಿದ್ದ. ಕಾಯುತ್ತಿದ್ದ, ಅಷ್ಟೇ.

ನವೆಂಬರಿನಲ್ಲಿ, ಸಂತ ಮಾರ್ತೀನನ ಹಬ್ಬದ ಹೊತ್ತಿಗೆ ಎದ್ದ ಬಿರುಗಾಳಿಗೆ ಮಾರ್ಗರಿದಜ್ಜಿಯ ಮನೆಯವರು ಗಂಟೆ ಬಾರಿಸಿದರು. ಅದು ಮುಗಿದ ಮೇಲೆ ಮರದ ಹಿಡಿ ಅಗಾತಾಳ ಬಾಗಿಲಿಗೆ ಬಂತು. ಅವಳು ಅದನ್ನು ಗೂಟಕ್ಕೆ ಹಾಕಿದಳು, ತಲೆ ಕೆಡಿಸಿಕೊಳ್ಳಲಿಲ್ಲ. ಸುಮಾರು ದಿನ ಆಕಾಶ ತಿಳಿಯಾಗಿತ್ತು. ಆಮೇಲೊಂದು ಬೆಳಿಗ್ಗೆ ಕುರಿಗಳು ಮೇವಿಗೆ ಬಾಯಿ ಹಾಕದೆ ಗೋಡೆಗೆ ಒತ್ತಿ ನಿಂತವು. ಗಾಳಿ ಒಮ್ಮೆಗೇ ನಿಂತಿತು. ಆ ಮೌನದಲ್ಲಿ ತಿಬೋ ಕೂಡ ತಲೆಯೆತ್ತಿ ಬಾಗಿಲ ಕಡೆ ನೋಡಿದ. ಸ್ವಲ್ಪ ಹೊತ್ತಿಗೆ ಬೆಟ್ಟದ ನೆತ್ತಿ ಮಾಯವಾಯಿತು, ಆಮೇಲೆ ಅದರ ಸೊಂಟ, ಆಮೇಲೆ ಎದುರು ಮನೆ.

ಅಗಾತಾ ಶಾಲು ಹೊದ್ದು, ಗೂಟದಿಂದ ಹಿಡಿ ತೆಗೆದಳು. ಹೊಸ್ತಿಲು ದಾಟಬೇಕು, ಅಷ್ಟರಲ್ಲಿ ತಿಬೋ ಎದ್ದು ಕೋಟು ಹಾಕಿಕೊಂಡ, ಬಂದೂಕನ್ನೂ ತೆಗೆದುಕೊಂಡ.

"ನೀವೆಲ್ಲಿಗೆ?"

"ನಿನ್ನ ಜೊತೆ, ಗಂಟೆ ಹತ್ರ." ಅವನು ಗುಂಡಿ ಹಾಕಿಕೊಳ್ಳುತ್ತ ಹೇಳಿದ, "ನಿಂಗೆ ಸುಳ್ಳು ಹೇಳಲ್ಲ ತಾಯಿ. ಇಂಥ ದಿನ ಬೆಟ್ಟದ ಮೇಲಿರೋನು ಗಂಟೆ ಕೇಳಿದ್ರೆ ಇಳಿದು ಬರ್ತಾನೆ. ಬಂದ್ರೆ ನಾನು ಹಿಡೀತೀನಿ. ನನ್ನ ಕೆಲಸ ಅದು."

ಅವಳು ಹೊಸ್ತಿಲ ಮೇಲೇ ನಿಂತಳು. ಗುಡಿಸಲಲ್ಲಿ ಸೌದೆ ಇದೆ. ನಿನ್ನೆ ತಾನೇ ನಾಯಿಯ ಕೊರಳಲ್ಲಿ ರೊಟ್ಟಿ ಕಳಿಸಿದ್ದೇನೆ. ಗೋಡೆ ಗಟ್ಟಿಯಿದೆ, ಕುರಿದೊಗಲು ಇದೆ. ಗಂಟೆ ಬಡಿಯದಿದ್ದರೆ ಅವನು ಅಲ್ಲೇ ಇರುತ್ತಾನೆ, ಬಡಿದರೆ ಇವನ ಕೈಗೆ ನಾನೇ ತಂದು ಕೊಟ್ಟ ಹಾಗೆ. ಇಷ್ಟನ್ನೂ ಅವಳು ಒಂದು ಉಸಿರಿನಲ್ಲಿ ಯೋಚಿಸಿದಳು. ಹಿಡಿಯನ್ನು ತಿರುಗಿ ಗೂಟಕ್ಕೆ ಹಾಕಿ, ಬಾಗಿಲು ಹಾಕಿ, ಒಲೆಯ ಮುಂದೆ ಬಂದು ಕೂತಳು.

"ಹಗ್ಗ ಹೆಪ್ಪುಗಟ್ಟಿದೆ" ಎಂದಳು.

ತಿಬೋ ಅವಳನ್ನು ನೋಡಿದ. ಕೋಟು ಬಿಚ್ಚದೆ ತಾನೂ ಕೂತ.

ಹೊರಗೆ ಗಾಳಿ ಕೂಗಲು ಶುರುವಾಯಿತು. ಸಾಲ್ವೇರಿನ ಪ್ರತಿ ಮನೆಯಲ್ಲೂ ಜನ ಗಂಟೆಗಾಗಿ ಕಾದರು. ಒಲೆಯ ಮುಂದಿನ ಮಾತು ನಿಂತಿತು. ಹೆಂಗಸರು ನೂಲುವ ಕದಿರು ನಿಲ್ಲಿಸಿ ಕಿವಿಗೊಟ್ಟರು. ನಮ್ಮೂರು ಹುಟ್ಟಿದಾಗಿನಿಂದ ಗಂಟೆಯಿಲ್ಲದ ಬಿರುಗಾಳಿಯನ್ನು ಯಾರೂ ಕೇಳಿರಲಿಲ್ಲ. ನಮ್ಮ ಹಿರಿಯರು ಹೇಳುವುದುಂಟು, ಆ ದಿನ ಗಾಳಿಗಿಂತ ಹೆಚ್ಚು ಹೆದರಿಸಿದ್ದು ಗಾಳಿಯ ಹಿಂದೆ ಏನೂ ಇಲ್ಲದ್ದು ಎಂದು.

ಮಧ್ಯಾಹ್ನ ಕಳೆದ ಮೇಲೆ ಮಾರ್ಗರಿದಜ್ಜಿ ಗೋಡೆ ಹಿಡಿದುಕೊಂಡು, ಮೈಯೆಲ್ಲ ಹಿಮವಾಗಿ ಬಾಗಿಲು ದಬ್ಬಿದಳು.

"ಏನೇ ಅಗಾತಾ, ಸತ್ತುಗಿತ್ತು ಹೋದ್ಯೇನೋ ಅಂದ್ಕೊಂಡೆ! ಚೆನ್ನಾಗೇ ಕೂತಿದೀಯಲ್ಲ ಬೆಂಕಿ ಮುಂದೆ. ಸರದಿ ಯಾರದ್ದು?"

"ನಂದೇ ಅಜ್ಜಿ. ಹಗ್ಗ ಹೆಪ್ಪುಗಟ್ಟಿದೆ."

"ಹಗ್ಗ ಹೆಪ್ಪುಗಟ್ಟಿದ್ರೆ ಬಿಸಿನೀರು ಹುಯ್ಯೇ! ನಂಗೆ ಹೇಳ್ಕೊಡ್ತೀಯ? ನಾನು ಈ ಊರಿಗೆ ಬಂದಾಗ ನಿನ್ನ ಗಂಡ ಹುಟ್ಟೇ ಇರಲಿಲ್ಲ." ಮುದುಕಿಯ ಕಣ್ಣು ತಿಬೋನ ಮೇಲೆ ಬಿತ್ತು, ಅವನ ಕೋಟಿನ ಮೇಲೆ, ಮಂಡಿಯ ಮೇಲಿದ್ದ ಬಂದೂಕಿನ ಮೇಲೆ. ಅವಳಿಗೆ ಎಲ್ಲ ತಿಳಿಯಿತು. ದನಿ ತಗ್ಗಿತು. "ಮಗಳೇ, ನಿನ್ನ ಸಂಕಟ ಗೊತ್ತಾಗ್ತದೆ. ಆದ್ರೆ ಇದು ಮಾಡಬಾರದ ಕೆಲಸ. ಯಾರೋ ಒಬ್ಬ ವ್ಯಾಪಾರಿ ಇರ್ತಾನೆ, ಯಾರೋ ಹೆತ್ತ ಮಗ ಇರ್ತಾನೆ ದಾರೀಲಿ."

"ನಾನು ಹೆತ್ತೋನೂ ಯಾರೋ ಹೆತ್ತ ಮಗನೇ."

"ಕೊಡು ಹಿಡಿ. ನಾನೇ ಬಾರಿಸ್ತೀನಿ."

"ನಂದು ಸರದಿ" ಎಂದಳು ಅಗಾತಾ. ಎದ್ದು ಗೂಟಕ್ಕೆ ಬೆನ್ನು ಕೊಟ್ಟು ನಿಂತಳು. "ಮುಟ್ಟಿ ನೋಡೋಣ."

ಮಾರ್ಗರಿದಜ್ಜಿ ಮುಟ್ಟಲಿಲ್ಲ. ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಹೊರಟುಹೋದಳು. ಊರಲ್ಲಿ ಇನ್ಯಾರಾದರೂ ಬಂದು ಕಿತ್ತುಕೊಳ್ಳಬಹುದಿತ್ತು. ಯಾರೂ ಬರಲಿಲ್ಲ. ಸೌಟಿನ ಮಾತು ಹೇಳಿದೆನಲ್ಲ. ಒಳ್ಳೆಯ ಪದ್ಧತಿ, ಹಾಳು ಪದ್ಧತಿ!

ಬೆಳಕು ಕುಂದತೊಡಗಿದಾಗ ಬಾಗಿಲ ಕೆಳಗೆ ಏನೋ ಕೆರೆದ ಸದ್ದಾಯಿತು. ಅಗಾತಾ ಬಾಗಿಲು ತೆರೆದಳು. ಮಾರ್ಕಿ ಒಳಗೆ ಉರುಳಿಕೊಂಡಿತು. ಕೂದಲೆಲ್ಲ ಹಿಮದ ಗಂಟು, ಕಾಲುಗಳಲ್ಲಿ ರಕ್ತ. ಕೊರಳಲ್ಲಿ ಹರಿದ ಹಗ್ಗದ ತುಂಡು ನೇತಾಡುತ್ತಿತ್ತು.

ಮಬ್ಬಿನಲ್ಲಿ ನಡೆಯುವಾಗ ಪ್ರಿವಾತ್ ನಾಯಿಯ ಕೊರಳಿಗೆ ಹಗ್ಗ ಬಿಗಿದು ಇನ್ನೊಂದು ತುದಿ ತನ್ನ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದ. ಚಿಕ್ಕವನಿದ್ದಾಗ ಅವಳೇ ಕಲಿಸಿದ್ದು. ಗುಡಿಸಲಲ್ಲಿ ಕೂತವನು ನಾಯಿಗೆ ಹಗ್ಗ ಕಟ್ಟುವುದಿಲ್ಲ.

ಅವಳು ಹಿಡಿಯನ್ನು ಕಿತ್ತುಕೊಂಡು, ಶಾಲೂ ಇಲ್ಲದೆ ಹೊರಗೆ ಓಡಿದಳು. ಹಗ್ಗ ಹೆಪ್ಪುಗಟ್ಟಿರಲಿಲ್ಲ. ಮೊದಲ ಎಳೆತಕ್ಕೇ ಗಂಟೆ ಬಾಯಿ ಬಿಟ್ಟಿತು. ಆಮೇಲೆ ಅವಳು ನಿಲ್ಲಿಸಲಿಲ್ಲ. ಅಂಗೈ ಸುಲಿಯಿತು, ನಿಲ್ಲಿಸಲಿಲ್ಲ. ಮಾರ್ಗರಿದಜ್ಜಿ ಬಂದು ಹೆಗಲಿಗೆ ಕಂಬಳಿ ಹಾಕಿ, ಹಗ್ಗಕ್ಕೆ ಕೈ ಸೇರಿಸಿದಳು. ಈ ಸಲ ಅಗಾತಾ ಬೇಡ ಅನ್ನಲಿಲ್ಲ. ಕಮಾನಿನ ಆಚೆ ಬದಿಯಲ್ಲಿ ತಿಬೋ ಕಾಲೆಳೆದುಕೊಂಡು ನಿಂತಿದ್ದ. ಬಂದೂಕು ಮನೆಯಲ್ಲೇ ಉಳಿದಿತ್ತು, ಕೈಯಲ್ಲಿ ಲಾಂದ್ರವಿತ್ತು.

"ಬಾರೋ! ಬಾರೋ ಮಗನೇ!" ಎಂದು ಅವನೂ ಕೂಗುತ್ತಿದ್ದ. ಯಾರ ಮಗನನ್ನು ಯಾರು ಕರೆಯುತ್ತಿದ್ದಾರೆ ಎನ್ನುವುದು ಆ ಹೊತ್ತಿನಲ್ಲಿ ಅವನಿಗೇ ಮರೆತುಹೋಗಿತ್ತೇನೋ.

ಪ್ರಿವಾತ್ ನಡೆದು ಬರಲಿಲ್ಲ, ಮೊಣಕಾಲು ಮೊಣಕೈ ಊರಿಕೊಂಡು ಹಿಮದಿಂದ ಹೊರಬಂದ. ಗಂಟೆಯ ಕಮಾನಿಗೆ ತಲೆ ತಗುಲಿದಾಗಲೇ ನಿಂತದ್ದು. ಅವನನ್ನು ಎತ್ತಿದವನು ತಿಬೋ. ಹಿಡಿಯುತ್ತೇನೆ ಎಂದಿದ್ದ, ಹಿಡಿದ. ಮಗುವನ್ನು ಎತ್ತುವ ಹಾಗೆ ಎದೆಗೆ ಹಿಡಿದು, ಎಳೆಯುವ ಕಾಲಿನಲ್ಲೇ ಒಳಗೆ ತಂದ.

ಕೈಗವಸು ಎಲ್ಲಿ ಬಿದ್ದಿದ್ದವೋ. ಬೆರಳುಗಳು ಮೇಣದ ಬತ್ತಿಯ ಹಾಗೆ ಬೆಳ್ಳಗೆ, ಒಂದಕ್ಕೊಂದು ತಾಗಿದರೆ ಮರದ ಸದ್ದು. ತಿಬೋ ಹಿಮ ತಂದು ಉಜ್ಜಿದ, ಅಗಾತಾ ತನ್ನ ಬರಿಮೈಗೆ ಒತ್ತಿ ಹಿಡಿದುಕೊಂಡಳು. ಬೆಳಗಾಗುವಷ್ಟರಲ್ಲಿ ಅವು ಊದಿದವು. ಕೆಲವು ದಿನ ಕಳೆದ ಮೇಲೆ ಕಪ್ಪಗಾದವು. ಮೂಳೆ ಕೂರಿಸುವವನು ಪಕ್ಕದೂರಿನಿಂದ ಬಂದು, ಎರಡೂ ಕೈ ನೋಡಿ, ತನ್ನ ಚೀಲ ಬಿಚ್ಚಿದ. ಸೌದೆಯ ಕೊರಡನ್ನು ಒಳಗೆ ತರಿಸಿದ. ಹಿಡಿದುಕೊಳ್ಳಲು ಒಬ್ಬರು ಬೇಕೆಂದ. ಅಗಾತಾ ಹಿಡಿದುಕೊಂಡಳು. ಬಲಗೈಯ ಬೆರಳುಗಳು ಮೊದಲು, ಆಮೇಲೆ ಎಡಗೈಯವು. ಒಂದೂ ಉಳಿಯಲಿಲ್ಲ.

ತಿಬೋ ಅಷ್ಟೂ ದಿನ ಇದ್ದ. ಹೊರಡುವ ಬೆಳಿಗ್ಗೆ ಹಾಸಿಗೆಯ ಬಳಿ ಬಂದು ನಿಂತು, ಕಟ್ಟಿದ ಆ ಎರಡು ಬಟ್ಟೆಯ ಗಂಟುಗಳನ್ನು ನೋಡಿದ.

"ಇವನು ಇನ್ನು ನಿನ್ನೋನು ತಾಯಿ. ಚಕ್ರವರ್ತಿಗೆ ಇವನು ಬೇಡ. ಹಾಗಂತ ಮೇಲಿನೋರಿಗೆ ನಾನು ಹೇಳ್ತೀನಿ" ಎಂದ. ಬಾಗಿಲಲ್ಲಿ ತಿರುಗಿ, "ನಿನ್ನ ಗಂಜಿ ಚೆನ್ನಾಗಿತ್ತು" ಎಂದ. ಅವಳು ಅವನ ಮುಖ ನೋಡಲಿಲ್ಲ.

ಬಿರುಗಾಳಿ ಮುಗಿದ ಮೇಲೆ ಹಿಡಿಯನ್ನು ಪಕ್ಕದ ಮನೆಗೆ ಕೊಡಬೇಕಿತ್ತು. ಅಗಾತಾ ಕೊಡಲಿಲ್ಲ. ಮಾರ್ಗರಿದಜ್ಜಿ ಒಮ್ಮೆ ಬಂದು, ಗೂಟ ನೋಡಿ, ಏನೂ ಕೇಳದೆ ಹೋದಳು. ಅಂದಿನಿಂದ ಸಾಲ್ವೇರಿನಲ್ಲಿ ಸರದಿ ಎಂಬುದು ತಿರುಗಲೇ ಇಲ್ಲ, ಆ ಬಾಗಿಲಲ್ಲೇ ನಿಂತಿದೆ.

ಆ ವರ್ಷ ನಮ್ಮ ಸುತ್ತಿನಿಂದ ಹೋದ ಹುಡುಗರಲ್ಲಿ ಒಬ್ಬನೂ ವಾಪಸು ಬರಲಿಲ್ಲ. ಅವರ ತಾಯಂದಿರು ಅಗಾತಾಳನ್ನು ಕಂಡರೆ, "ನಿನ್ನ ಪುಣ್ಯವೇ ಪುಣ್ಯ, ಕಣ್ಣೆದುರಿಗಾದ್ರೂ ಇದಾನೆ" ಎನ್ನುತ್ತಿದ್ದರು. ಅವಳು ಹೂಂ ಎನ್ನುತ್ತಿದ್ದಳು. ಅವರು ಹೇಳಿದ್ದು ತಪ್ಪಲ್ಲವಲ್ಲ.

ಆದರೆ ಅವರ್ಯಾರಿಗೂ ಗೊತ್ತಿಲ್ಲದ್ದು ಒಂದಿದೆ. ದಫೇದಾರ ಹೊರಟ ದಿನವೇ ಪ್ರಿವಾತನ ಜ್ವರ ಇಳಿಯಿತು. ಅಗಾತಾ ತಲೆದಿಂಬು ಎತ್ತರಿಸಿ, ಮೊದಲ ಸಲ ಅವನಿಗೆ ಚಮಚದಲ್ಲಿ ಗಂಜಿ ತಿನ್ನಿಸತೊಡಗಿದಳು. ಅಷ್ಟು ದಿನ ಅದುಮಿಟ್ಟುಕೊಂಡದ್ದು ಬಾಯಿಗೆ ಬಂತು.

"ಯಾಕೋ ಹೊರಗೆ ಬಂದೆ? ಸೌದೆ ಇತ್ತು, ರೊಟ್ಟಿ ಇತ್ತು. ಬೆಚ್ಚಗೆ ಬಿದ್ದಿರೋಕೆ ಏನಾಗಿತ್ತೋ ನಿಂಗೆ, ಹಾಳಾದೋನೇ?"

ಪ್ರಿವಾತ್ ಬಾಯಲ್ಲಿದ್ದುದನ್ನು ನುಂಗಿದ.

"ಗಂಟೆ ಕೇಳಿಸ್ಲಿಲ್ಲ ಅವ್ವ."

"ಅದಕ್ಕೆ?"

"ಹಿಂದಿನ ಸಲ ಮಾರ್ಗರಿದಜ್ಜಿ ಮನೆಯೋರು ಬಾರಿಸಿದ್ರು. ಹಾಗಾದ್ರೆ ಈ ಸಲ ನಮ್ಮದಲ್ವಾ? ಬೆಳಗ್ಗೆಯಿಂದ ಕಿವಿಗೊಟ್ಟು ಕೂತೇ ಇದ್ದೆ. ಈಗ ಶುರು ಮಾಡ್ತೀಯ, ಈಗ ಶುರು ಮಾಡ್ತೀಯ ಅಂತ. ನೀನು ಬಾರಿಸ್ದೆ ಇರೋಳಲ್ಲ. ಅವ್ವ ಸತ್ತೇ ಹೋದ್ಲು, ಇಲ್ಲಾ ಆ ಸಿಪಾಯಿ ಏನಾದ್ರೂ ಮಾಡಿದ ಅಂದ್ಕೊಂಡೆ. ನಿನ್ನ ನೋಡೋಕೆ ಬಂದೆ."

ಚಮಚ ಅವಳ ಕೈಯಲ್ಲೇ ನಿಂತಿತು. ಅದರಲ್ಲಿದ್ದ ಗಂಜಿ ಆರಿ, ಮೇಲೆ ಕೆನೆ ಕಟ್ಟಿತು. ಒಲೆಯ ಬಳಿ ಮಾರ್ಕಿ ತನ್ನ ಕಾಲು ನೆಕ್ಕಿಕೊಳ್ಳುತ್ತಿತ್ತು.

"ಹಗ್ಗ ಹೆಪ್ಪುಗಟ್ಟಿತ್ತು ಕಣೋ" ಎಂದಳು ಅಗಾತಾ.

ಪ್ರಿವಾತ್ ಅವಳ ಕೈಗಳನ್ನು ನೋಡಿದ, ಸುಲಿದ ಅಂಗೈಗಳನ್ನು. "ಹೂಂ" ಅಂದ. ಆಮೇಲೆ ಮುಂದಿನ ಚಮಚಕ್ಕೆ ಬಾಯಿ ತೆರೆದ.